ಅನ್ನದ ಬೆಲೆಯೂ ಅನ್ನದ ಋಣವೂ

ಬೆಲೆಯನ್ನು ತೆತ್ತು ಉಂಡ ಅನ್ನದ ಋಣವು ಬೆಲೆಯನ್ನು ತೆತ್ತೊಡನೆಯೇ ತೀರುವುದೋ, ಇಲ್ಲವೋ? ಪ್ರಶ್ನೆಯು ಮೇಲ್ನೋಟಕ್ಕೆ ಬಾಲಿಶವಾಗಿ ತೋರಬಹುದು. ಅಂಗಡಿಯಲ್ಲಿ ಬಟ್ಟೆಯನ್ನು ಕೊಂಡು ಹಣವನ್ನು ಕೊಟ್ಟವನು ನೇಕಾರನಿಗೆ ಋಣಿಯೆಂದು ಯಾರೂ ಹೇಳುವುದಿಲ್ಲ. ಕೊಡೆಯನ್ನು ಕೊಂಡವನು ಕೊಡೆ ಕಟ್ಟಿದವನ ಹೆಸರನ್ನು ವಿಚಾರಿಸುವುದಿಲ್ಲ. ಹಾಗಿರುವಲ್ಲಿ ಹೋಟೆಲಿನಲ್ಲಿ ಎರಡು ದೋಸೆಗಳನ್ನು ತಿಂದು, ಗಲ್ಲಾಪೆಟ್ಟಿಗೆಯ ಮುಂದೆ ಹಣವನ್ನಿಟ್ಟು ಹೊರಟವನಿಗೆ ಮಾತ್ರ ಏನೋ ಒಂದು ಶೇಷವು ಉಳಿಯುವುದೇಕೆ? ಆದರೂ ‘ಅನ್ನದ ಋಣ’ವೆಂಬ ಮಾತು ನಮ್ಮ ಭಾಷೆಯಲ್ಲಿ ಉಂಟು, ಬಟ್ಟೆಯ ಋಣ, ಕೊಡೆಯ ಋಣ ಎಂಬ ಮಾತುಗಳು ಕೇಳಿಬರುವುದಿಲ್ಲ. ಭಾಷೆಯು ಇಂಥದೊಂದು ಭೇದವನ್ನು ಮಾಡಿದ್ದರೆ ಅದಕ್ಕೆ ಕಾರಣವಿದ್ದೇ ಇರಬೇಕು. ಆ ಕಾರಣವನ್ನು ನನ್ನ ಅಲ್ಪಮತಿಗೆ ತೋರಿದಷ್ಟು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಈ ವಿಚಾರವು ನನಗೆ ಗ್ರಂಥಗಳಿಂದ ಒದಗಿದುದಲ್ಲ. ಕಳೆದ ಮಳೆಗಾಲದ ಕೊನೆಯಲ್ಲಿ ನನ್ನ ಪತ್ನಿಯು ಪಾಚಿಗಟ್ಟಿದ ಅಂಗಳದಲ್ಲಿ ಜಾರಿಬಿದ್ದು ಬಲಗೈಯ ಮಣಿಕಟ್ಟಿನ ಎಲುಬನ್ನು ಮುರಿದುಕೊಂಡಳು. ವೈದ್ಯರು ಕೈಗೆ ಕಟ್ಟು ಹಾಕಿ, ಆರು ವಾರಗಳ ಕಾಲ ಆ ಕೈಯಿಂದ ಯಾವ ಕೆಲಸವನ್ನೂ ಮಾಡಕೂಡದೆಂದು ವಿಧಿಸಿದರು. ಮಕ್ಕಳಿಬ್ಬರೂ ಉದ್ಯೋಗನಿಮಿತ್ತವಾಗಿ ದೂರದ ಊರುಗಳಲ್ಲಿದ್ದಾರೆ. ನಾನಾದರೋ ಮೂವತ್ತು ವರ್ಷ ಉಪಾಧ್ಯಾಯನಾಗಿ ದುಡಿದು ನಿವೃತ್ತನಾದವನು. ಪರರ ಮಕ್ಕಳಿಗೆ ಗಣಿತವನ್ನು ಕಲಿಸಿದ್ದೆನೇ ಹೊರತು, ಒಂದು ಸೇರು ಅಕ್ಕಿಗೆ ಎಷ್ಟು ನೀರು ಬೇಕೆಂಬ ಗಣಿತವನ್ನು ಅರಿತವನಲ್ಲ. ನೆರೆಮನೆಯವರು ಕೆಲವು ದಿನ ಸಾರು ಪಲ್ಯಗಳನ್ನು ಕಳುಹಿಸಿಕೊಟ್ಟರು. ಅದು ಬಹುಕಾಲ ನಡೆಯತಕ್ಕ ಏರ್ಪಾಡಲ್ಲವೆಂದು ನಮಗಿಬ್ಬರಿಗೂ ತೋರಿತು. ನಮ್ಮ ಮನೆಯಿರುವುದು ಸಿದ್ಧಕಟ್ಟೆಯ ಸಮೀಪ. ಅಲ್ಲಿಂದ ಒಂದು ಕಡೆಗೆ ಬಂಟವಾಳ, ಇನ್ನೊಂದು ಕಡೆಗೆ ಮೂಡಬಿದಿರೆ. ವೇಣೂರು ಗುರುವಾಯನಕೆರೆಗಳ ಮಾರ್ಗವಾಗಿ ಹೋದರೆ ಬೆಳ್ತಂಗಡಿ. ಈ ಮೂರು ಪೇಟೆಗಳಲ್ಲಿಯೂ ಬಸ್ಸಿನಿಂದ ಇಳಿದು ಕೆಲಸ ಮುಗಿಸಿ ಬಸ್ಸು ಹತ್ತಿದ್ದೆವಲ್ಲದೆ, ನಿಂತು ನೋಡಿದವರಲ್ಲ. “ಹೇಗೂ ಒಲೆ ಉರಿಯುವುದಿಲ್ಲ, ವಾರಕ್ಕೆರಡು ದಿನ ಒಂದೊಂದು ಪೇಟೆಗೆ ಹೋಗಿ ಊಟ ಮಾಡಿ ಬರುವ” ಎಂದು ಆಕೆಯೇ ಸೂಚಿಸಿದಳು. ಹೀಗೆ ಅರುವತ್ತನ್ನು ದಾಟಿದ ದಂಪತಿಗಳಾದ ನಾವು ಹೋಟೆಲುಗಳ ಯಾತ್ರೆಗೆ ಹೊರಟೆವು.

ಮೊದಲು ಹೋದುದು ಬಂಟವಾಳದ ಹಳೆಯ ಪೇಟೆಗೆ. ನೇತ್ರಾವತಿಯ ದಡದಲ್ಲಿರುವ ಈ ಪೇಟೆಯು ಹಿಂದೆ ಮಂಗಳೂರಿನಿಂದ ದೋಣಿಗಳಲ್ಲಿ ಬಂದ ಸರಕನ್ನು ಘಟ್ಟದ ಕಡೆಗೂ ಘಟ್ಟದ ಸರಕನ್ನು ಮಂಗಳೂರಿಗೂ ಸಾಗಿಸುವ ವ್ಯಾಪಾರದಿಂದ ಬೆಳೆಯಿತು. ಮಕ್ಕಳ ಸಾಹಿತ್ಯಕ್ಕೆ ಅಡಿಗಲ್ಲನ್ನಿಟ್ಟ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದುದು ಇಲ್ಲಿಯೇ. 1923ರಲ್ಲಿಯೂ 1974ರಲ್ಲಿಯೂ ನದಿಯು ಉಕ್ಕಿ ಈ ಬೀದಿಗಳನ್ನು ಮುಳುಗಿಸಿದುದನ್ನು ಊರಿನವರು ಇಂದಿಗೂ ಮರೆತಿಲ್ಲ. ಈಗ ವ್ಯಾಪಾರದ ಗದ್ದಲವು ಬಹುಮಟ್ಟಿಗೆ ಬಿ.ಸಿ. ರೋಡಿಗೆ ಸರಿದಿದೆ. ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಯಲ್ಲಿ ನಾಲ್ಕು ಮೇಜುಗಳಿರುವ ಒಂದು ಹೋಟೆಲನ್ನು ಕಂಡು ಒಳಹೊಕ್ಕೆವು. ಸಜ್ಜಿಗೆ ಅವಲಕ್ಕಿಯೂ ಬನ್ಸೂ ಚಹವೂ ಬಂದುವು. ಆಕೆಯು ಎಡಗೈಯಲ್ಲಿ ಚಮಚವನ್ನು ಹಿಡಿದು ತಿನ್ನುವುದನ್ನು ನೋಡುತ್ತ ಕುಳಿತಿರುವಾಗ ನನಗೊಂದು ಸಂಗತಿಯು ಥಟ್ಟನೆ ಹೊಳೆಯಿತು: ವಿವಾಹವಾದ ಮೂವತ್ತೆಂಟು ವರ್ಷಗಳಲ್ಲಿ ಈಕೆಯು ಆಹಾರವನ್ನು ತೆಗೆದುಕೊಳ್ಳುವಾಗ ಈಕೆಯ ಮುಖವನ್ನು ಎದುರಿನಿಂದ ನಾನು ನೋಡಿದುದೇ ಇಲ್ಲ!

ಇದು ಉತ್ಪ್ರೇಕ್ಷೆಯಲ್ಲ. ನಮ್ಮ ಮನೆಯ ಕ್ರಮವು ಹಾಗೆ. ಮೊದಲು ಗಂಡಸರಿಗೂ ಮಕ್ಕಳಿಗೂ ಬಡಿಸಿ ಆದಮೇಲೆ ಹೆಂಗಸರು ಊಟಕ್ಕೆ ಕುಳ್ಳಿರುವುದು. ಆ ಹೊತ್ತಿಗೆ ನಾನು ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆಯ ಮುಂದೆಯೋ ವೃತ್ತಪತ್ರಿಕೆಯ ಹಿಂದೆಯೋ ಇರುತ್ತಿದ್ದೆನು. ಮದುವೆ ಮುಂಜಿಗಳ ಪಂಕ್ತಿಯಲ್ಲಿ ಒಟ್ಟಿಗೆ ಕುಳಿತುದುಂಟು. ಆದರೆ ಪಂಕ್ತಿಯಲ್ಲಿ ಮಗ್ಗುಲಿಗೆ ಮಗ್ಗುಲಾಗಿ ಕುಳ್ಳಿರುತ್ತೇವೆ, ಎಲೆಯು ಕಾಣಿಸುತ್ತದೆ, ಮುಖವು ಕಾಣಿಸುವುದಿಲ್ಲ. ಹೋಟೆಲಿನ ಮೇಜಾದರೋ ಇಬ್ಬರನ್ನು ಎದುರುಬದುರಾಗಿ ಕೂರಿಸುತ್ತದೆ. ಆಕೆಗೆ ಶುಂಠಿಯು ನಾಲಗೆಗೆ ಸಿಕ್ಕಿದಾಗ ಹುಬ್ಬು ಸ್ವಲ್ಪ ಮೇಲೇರುವುದೆಂಬುದೂ, ಬಿಸಿಯಾದುದನ್ನು ಬಾಯಿಗಿಟ್ಟೊಡನೆ ಕಣ್ಣು ಮುಚ್ಚಿಕೊಳ್ಳುವಳೆಂಬುದೂ ನನಗೆ ಅಂದೇ ತಿಳಿದುದು. ಬಿಸಿಯಾದುದನ್ನು ತಿನ್ನುವ ಸಂದರ್ಭವೇ ಆಕೆಗೆ ಮನೆಯಲ್ಲಿ ಎಷ್ಟು ಅಪರೂಪವೆಂಬ ಯೋಚನೆಯು ಅದರ ಬೆನ್ನಿಗೇ ಬಂದಿತು.

ಹಿರಿಯರು ಹೋಟೆಲಿನ ಅನ್ನವನ್ನು ಹಳಿಯುತ್ತಿದ್ದರು. ಅವರ ಆಕ್ಷೇಪವನ್ನು ಕೇವಲ ಮಡಿಮೈಲಿಗೆಯ ಮಾತೆಂದು ತಳ್ಳಿಬಿಡುವುದು ನ್ಯಾಯವಲ್ಲ. ಆಪತ್ಕಾಲದಲ್ಲಿ ವಾಣಿಜ್ಯದಿಂದ ಜೀವಿಸಬೇಕಾಗಿ ಬಂದ ಬ್ರಾಹ್ಮಣನು ಮಾರಬಾರದ ವಸ್ತುಗಳ ಪಟ್ಟಿಯಲ್ಲಿ ಮನುಸ್ಮೃತಿಯು ಬೇಯಿಸಿದ ಅನ್ನವನ್ನೂ ಸೇರಿಸಿದೆ. ತೈತ್ತಿರೀಯೋಪನಿಷತ್ತು ಅನ್ನವನ್ನು ನಿಂದಿಸಬಾರದೆಂದೂ, ಅದನ್ನು ಹೆಚ್ಚಿಸಬೇಕೆಂದೂ, ಮನೆಗೆ ಬಂದ ಯಾರನ್ನೂ ಹಿಂದಕ್ಕೆ ಕಳುಹಿಸಬಾರದೆಂದೂ ವಿಧಿಸುತ್ತದೆ. ಹಸಿದು ಬಂದವನಿಗೆ ಬೆಲೆಯನ್ನು ಹೇಳುವುದು ಈ ಭಾವನೆಗೆ ವಿರುದ್ಧವೆಂದು ಅವರಿಗೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಾಲಗತಿಯ ವಿಚಿತ್ರವನ್ನು ನೋಡಿರಿ! ಯಾವ ಕರಾವಳಿಯ ಮನೆಗಳಲ್ಲಿ ಅನ್ನವಿಕ್ರಯವು ನಿಂದ್ಯವೆನಿಸಿತ್ತೋ ಅದೇ ಕರಾವಳಿಯ ಮಕ್ಕಳು ಅನ್ನವನ್ನು ಮಾರುವ ವಿದ್ಯೆಯನ್ನು ದೇಶಕ್ಕೆಲ್ಲ ಕಲಿಸಿದರು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭಿಸಿದ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ನಮ್ಮ ಮೂಡಬಿದಿರೆಗೆ ಸಮೀಪದ ಕಡಂದಲೆಯ ಬಡ ಮನೆಯಲ್ಲಿ ಹುಟ್ಟಿದ ಕೆ. ಕೃಷ್ಣರಾಯರು ಪರರ ಅಡಿಗೆಮನೆಗಳಲ್ಲಿ ದುಡಿದು, ಮದರಾಸನ್ನು ಸೇರಿ, 1938ರಲ್ಲಿ ಅಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಮನೆಯನ್ನು ಬಿಟ್ಟು ಹೊರಟ ಹುಡುಗರ ಹಸಿವೇ ಈ ಉದ್ಯಮಕ್ಕೆ ಮೂಲಧನವಾಯಿತೆಂದರೆ ತಪ್ಪಾಗದು.

ಮಾರಿದ ಅನ್ನದಲ್ಲಿ ದೋಷವಿದ್ದರೂ ಒಂದು ದೊಡ್ಡ ಗುಣವೂ ಉಂಟು. ಮನೆಯ ಅನ್ನವು ‘ನೀನು ಯಾರು?’ ಎಂದು ಕೇಳುತ್ತಿದ್ದ ಕಾಲದಲ್ಲಿ ಹೋಟೆಲಿನ ಅನ್ನವು ಕಾಸಿದೆಯೇ ಎಂದಷ್ಟೇ ಕೇಳತೊಡಗಿತು. ಪ್ರಾರಂಭದಲ್ಲಿ ಇದೂ ಪೂರ್ಣವಾಗಿ ನಡೆಯಲಿಲ್ಲ. ಹಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆಯ ಕೋಣೆಯಿದ್ದಿತು, ಕೆಲವರಿಗೆ ಬಾಗಿಲೊಳಗೆ ಪ್ರವೇಶವೇ ಇರಲಿಲ್ಲ. 1950ನೆಯ ಇಸವಿಯ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು, ಅಂಗಡಿಗಳನ್ನೂ ಸಾರ್ವಜನಿಕ ಉಪಾಹಾರಗೃಹಗಳನ್ನೂ ಹೋಟೆಲುಗಳನ್ನೂ ಹೆಸರಿಸಿ, ಅವುಗಳ ಪ್ರವೇಶಕ್ಕೆ ಮತ, ಜಾತಿ, ಲಿಂಗ ಮೊದಲಾದವು ಅಡ್ಡಿಯಾಗಕೂಡದೆಂದು ಸಾರಿತು. ರಾಷ್ಟ್ರದ ಮೂಲಶಾಸನವು ಹೋಟೆಲಿನ ಬಾಗಿಲನ್ನು ನೆನಸಿಕೊಂಡಿತೆಂದರೆ ಆ ಬಾಗಿಲ ಬಳಿ ಎಷ್ಟು ಮಂದಿ ನಿಂತು ಹಿಂದಿರುಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಆದುದರಿಂದ ಹೋಟೆಲಿನ ಅನ್ನದಲ್ಲಿ ಮಮತೆಯಿಲ್ಲವೆಂದು ಹೇಳುವ ಮೊದಲು, ಮಮತೆಯುಳ್ಳ ಮನೆಗಳು ಎಷ್ಟು ಮಂದಿಗೆ ಎಲೆಯನ್ನು ಹಾಕಿದ್ದುವೆಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಎರಡನೆಯ ವಾರ ಮೂಡಬಿದಿರೆಗೆ ಹೋದೆವು. ಅಲ್ಲಿ ಒಂದು ಹೋಟೆಲಿನಲ್ಲಿ ನೀರುದೋಸೆಯೂ ಕಾಯಿಬೆಲ್ಲವೂ ದೊರೆತುವು. ದೋಸೆಯು ಮಲ್ಲಿಗೆಯ ಎಸಳಿನಂತೆ ತೆಳ್ಳಗೆ ಮೃದುವಾಗಿದ್ದಿತು. ನಾನು ಸಂತುಷ್ಟನಾಗಿ, ಕೈ ತೊಳೆದು ಬರುವಾಗ ಅಡಿಗೆಮನೆಯ ಬಾಗಿಲಿಗೆ ಹೋಗಿ, “ಭಟ್ಟರೇ, ನೀರುದೋಸೆ ಬಹಳ ಚೆನ್ನಾಗಿತ್ತು” ಎಂದೆನು. ಕಾವಲಿಯ ಮುಂದೆ ಬೆವರುತ್ತಿದ್ದ ಆ ಹಿರಿಯರು ಭುಜದ ಬಟ್ಟೆಯಿಂದ ಮುಖವನ್ನು ಒರಸಿಕೊಂಡು, “ಹೀಗೆ ಒಳಗೆ ಬಂದು ಹೇಳುವವರು ಕಡಿಮೆ ಮಾರಾಯರೇ” ಎಂದು ನಕ್ಕರು. ನಾನು ಏನೋ ಒಂದು ಸತ್ಕಾರ್ಯವನ್ನು ಮಾಡಿದೆನೆಂಬ ಹೆಮ್ಮೆಯಿಂದ ಹೊರಗೆ ಬಂದೆನು.

ಸಾವಿರ ಕಂಬದ ಬಸದಿಯ ಕಡೆಗೆ ನಡೆಯುತ್ತಿರುವಾಗ ಆಕೆಯು ಕೇಳಿದಳು: “ಆ ಅಡಿಗೆಮನೆಗೆ ನಿಮ್ಮ ಮೇಜಿನಿಂದ ಎಷ್ಟು ಹೆಜ್ಜೆ ಇತ್ತು?”

“ಇಪ್ಪತ್ತು ಇದ್ದೀತು.”

“ನಮ್ಮ ಮನೆಯಲ್ಲಿ ಜಗಲಿಯಿಂದ ಹತ್ತೇ.”

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ಸುಮ್ಮನಿರಲಾರದೆ, “ನಾನು ಏನೂ ಹೇಳದಿದ್ದರೆ ಎಲ್ಲವೂ ಚೆನ್ನಾಗಿತ್ತೆಂದೇ ಅರ್ಥವಲ್ಲವೇ? ಕಡಿಮೆಯಿದ್ದರೆ ಹೇಳುತ್ತಿರಲಿಲ್ಲವೇ?” ಎಂದೆನು.

“ಹೌದು. ಉಪ್ಪು ಕಡಿಮೆಯಾದ ದಿನ ಹೇಳಿದ್ದೀರಿ” ಎಂದಳು.

ಬಸದಿಯ ಮುಖಮಂಟಪದಲ್ಲಿ ಬಹಳ ಹೊತ್ತು ಕುಳಿತೆವು. 1430ರಲ್ಲಿ ಕಟ್ಟಿದ ಆ ಮಂದಿರದ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂದು ಪ್ರಸಿದ್ಧಿ. ಈ ಊರಿನ ಕವಿಯಾದ ರತ್ನಾಕರವರ್ಣಿಯು ತನ್ನ ‘ಭರತೇಶ ವೈಭವ’ದಲ್ಲಿ, ಚಕ್ರವರ್ತಿಯು ಮುನಿಗಳಿಗೆ ಆಹಾರವನ್ನು ಸಮರ್ಪಿಸಿ ಆ ಮೇಲೆ ತಾನು ಭೋಜನಕ್ಕೆ ತೊಡಗುವ ಪ್ರಸಂಗವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಜೈನಧರ್ಮವು ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳನ್ನು ಹೇಳುವಾಗ ಆಹಾರವನ್ನೂ ಅವುಗಳ ಸಾಲಿನಲ್ಲಿಟ್ಟಿದೆ. ಉಣಿಸಿ ಉಣ್ಣಬೇಕೆಂಬುದು ನಮ್ಮ ಎಲ್ಲ ಮತಗಳಿಗೂ ಸಮ್ಮತವಾದ ಧರ್ಮ. ಆದರೆ ನಾನು ಅಲ್ಲಿ ಕುಳಿತು ಯೋಚಿಸಿದುದು ಬೇರೆ. ಉಣಿಸುವ ಯಜಮಾನನಿಗೂ ಉಣ್ಣುವ ಅತಿಥಿಗೂ ನಡುವೆ ಒಲೆಯ ಮುಂದೆ ಒಬ್ಬರು ನಿಂತಿರುತ್ತಾರೆ. ದಾನದ ಪುಣ್ಯವು ಯಜಮಾನನಿಗೆ, ತೃಪ್ತಿಯು ಅತಿಥಿಗೆ. ಆ ಮೂರನೆಯವರಿಗೆ ಏನು?

ಈ ಪ್ರಶ್ನೆಗೆ ಉತ್ತರವು ಬೆಳ್ತಂಗಡಿಯಲ್ಲಿ, ನಾವು ನಿರೀಕ್ಷಿಸದ ರೀತಿಯಿಂದ ದೊರೆಯಿತು. ಆ ದಿನ ವೇಣೂರಿನಲ್ಲಿ ಇಳಿದು, 1604ರಲ್ಲಿ ಅಜಿಲ ಅರಸರು ನಿಲ್ಲಿಸಿದ ಗೊಮ್ಮಟಮೂರ್ತಿಯನ್ನು ಸಂದರ್ಶಿಸಿ ಬೆಳ್ತಂಗಡಿಯನ್ನು ಸೇರುವಾಗ ಮಧ್ಯಾಹ್ನ ಮೂರು ಗಂಟೆಯಾಗಿದ್ದಿತು. ದೊಡ್ಡ ಹೋಟೆಲುಗಳಲ್ಲಿ ಊಟ ಮುಗಿದಿತ್ತು. ಒಂದು ಅಡ್ಡರಸ್ತೆಯಲ್ಲಿ ಗಂಡಹೆಂಡಿರಿಬ್ಬರೇ ನಡೆಸುವ ಸಣ್ಣ ಊಟದ ಮನೆಯಿತ್ತು. ಗಂಡನು ಗಲ್ಲದಲ್ಲಿ, ಹೆಂಡತಿಯು ಒಲೆಯ ಬಳಿ. “ಊಟ ಉಂಟೇ?” ಎಂದು ಕೇಳಿದೆನು. ಆತನು ಒಳಗೆ ಇಣುಕಿನೋಡಿದನು. ಆಕೆಯು ಒಂದು ಕ್ಷಣ ತಡೆದು, ನನ್ನ ಪತ್ನಿಯ ಕೈಯ ಕಟ್ಟನ್ನು ನೋಡಿ, “ಉಂಟು, ಕುಳ್ಳಿರಿ” ಎಂದಳು. ಕುಚ್ಚಿಲಕ್ಕಿಯ ಅನ್ನ, ಹುರುಳಿಯ ಸಾರು, ಒಂದಿಷ್ಟು ಹರಿವೆಯ ಪಲ್ಯ, ಮಾವಿನ ಉಪ್ಪಿನಕಾಯಿ. ಹಸಿದಿದ್ದ ನಮಗೆ ಅದು ಅಮೃತವಾಯಿತು. ನಾನು ಎರಡನೆಯ ಸಲಕ್ಕೆ ಅನ್ನವನ್ನು ಕೇಳಿದೆನು. ಪಾತ್ರೆಯ ತಳಕ್ಕೆ ಸಟ್ಟುಗವು ತಗಲಿದ ಸದ್ದು ಒಳಗಿನಿಂದ ಕೇಳಿತು. ಆ ಸದ್ದು ನನಗೆ ಬರಿಯ ಸದ್ದು. ನನ್ನ ಪತ್ನಿಗೆ ಅದು ಮಾತಾಗಿ ಕೇಳಿಸಿತು. ಆಕೆಯು ತಲೆಯೆತ್ತಿ, “ನಿಮ್ಮ ಊಟ ಆಯಿತೇ ಅಕ್ಕಾ?” ಎಂದು ಕೇಳಿದಳು.

ಒಲೆಯ ಬಳಿಯಿದ್ದವಳು ನಕ್ಕು, “ನಿಮ್ಮದು ಮುಗಿಯಲಿ” ಎಂದಳು.

ನಾವು ಉಣ್ಣುತ್ತಿದ್ದುದು ಆಕೆಯು ತನಗೆಂದು ತೆಗೆದಿರಿಸಿದ್ದ ಅನ್ನ. ಅದಕ್ಕೆ ನಾವು ಬೆಲೆಯನ್ನು ಕೊಡುವವರಿದ್ದೆವು, ನಿಜ. ಆದರೆ ಬೆಳಗ್ಗಿನಿಂದ ಹೊಗೆಯಲ್ಲಿ ನಿಂತ ಆಕೆಯ ಹಸಿವಿಗೆ ಆ ಹಣದಿಂದ ಏನು ಸಮಾಧಾನ? ನನ್ನ ಪತ್ನಿಯು ಒಪ್ಪಲೇ ಇಲ್ಲ. ನನಗೆ ಬಡಿಸಲೆಂದು ತಂದ ಅನ್ನವನ್ನು ತಡೆದು, “ನೀವೂ ಬಟ್ಟಲು ತನ್ನಿ, ಇದ್ದುದರಲ್ಲಿಯೇ ಉಣ್ಣುವ” ಎಂದು ಹಟಹಿಡಿದಳು. ಆಕೆಯು ಗಂಡನ ಮುಖವನ್ನು ನೋಡಿದಳು. ಆತನು ಗಲ್ಲದಿಂದೆದ್ದು ತಾನೇ ಬಟ್ಟಲನ್ನು ತಂದಿಟ್ಟನು. ಬೆಂಚಿನ ತುದಿಯಲ್ಲಿ ಸಂಕೋಚದಿಂದ ಕುಳಿತು ಆಕೆಯು ನಮ್ಮೊಡನೆ ಉಂಡಳು. ಹೊರಡುವಾಗ ನಾನು ಮೂರು ಊಟಗಳ ಹಣವನ್ನು ಕೊಡಹೋದರೆ ಆತನು ಎರಡರದನ್ನು ಮಾತ್ರ ತೆಗೆದುಕೊಂಡು, “ಅವಳು ಉಂಡದ್ದು ನಮ್ಮ ಮನೆಯ ಅನ್ನವಲ್ಲವೇ?” ಎಂದನು. ಒಂದೇ ಪಾತ್ರೆಯ ಅನ್ನವು ನಮಗೆ ಕೊಂಡದ್ದಾಗಿಯೂ ಆಕೆಗೆ ಮನೆಯದಾಗಿಯೂ ಇದ್ದಿತು!

ಬಸ್ಸಿನಲ್ಲಿ ನಾನು ಮೆಲ್ಲನೆ ಕೇಳಿದೆನು: “ನಮ್ಮ ಮನೆಯಲ್ಲಿಯೂ ಹೀಗೆ, ಹೊತ್ತು ಮೀರಿ ನೆಂಟರು ಬಂದಾಗ, ನಿನ್ನ ಪಾಲಿನದು ಹೋದದ್ದುಂಟೇ?”

ಆಕೆಯು ಕಿಟಕಿಯ ಕಡೆಗೆ ನೋಡುತ್ತ, “ಲೆಕ್ಕ ಇಟ್ಟವರು ಯಾರು?” ಎಂದಳು.

ಗಣಿತದ ಉಪಾಧ್ಯಾಯನಿಗೆ ಇದಕ್ಕಿಂತ ಮಿಗಿಲಾದ ಶಿಕ್ಷೆಯು ಬೇಕಿರಲಿಲ್ಲ. ಆಕೆಯು ಉಣ್ಣುವುದನ್ನೇ ಕಾಣದವನಿಗೆ ಆಕೆಯು ಎಷ್ಟು ಉಂಡಳೆಂಬುದು ಹೇಗೆ ತಿಳಿಯಬೇಕು? ನಮ್ಮ ಸೀಮೆಯಲ್ಲಿ ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ‘ಊಟ ಆಯಿತೇ?’ ಎಂದು ಕೇಳುವುದು ವಾಡಿಕೆ. ಕ್ಷೇಮಸಮಾಚಾರಕ್ಕೆ ನಮ್ಮಲ್ಲಿ ಅದೇ ನಾಂದಿ. ನಾನು ಪೋಸ್ಟಿನವನನ್ನು ಕೇಳಿದ್ದೇನೆ, ತೋಟದ ಕೆಲಸದವರನ್ನು ಕೇಳಿದ್ದೇನೆ, ದೂರವಾಣಿಯಲ್ಲಿ ಮಕ್ಕಳನ್ನು ನಿತ್ಯವೂ ಕೇಳುತ್ತೇನೆ. ಮೂವತ್ತೆಂಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಕೇಳದೆ ಬಿಟ್ಟುದು ಆ ಊಟವನ್ನು ಸಿದ್ಧಪಡಿಸಿದವಳೊಬ್ಬಳನ್ನೇ.

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಬಟ್ಟೆಗೂ ಅನ್ನಕ್ಕೂ ಇರುವ ಭೇದವೇನು? ಅನ್ನವು ದೇಹವಾಗುತ್ತದೆ, ಆದುದರಿಂದ ಅದು ಶ್ರೇಷ್ಠವೆಂದು ಹೇಳುವರು. ಅದು ಸತ್ಯವಾದರೂ ಸಾಲದೆಂದು ನನಗೆ ತೋರುತ್ತದೆ. ಔಷಧವೂ ದೇಹವನ್ನು ಸೇರುತ್ತದಷ್ಟೆ. ನನಗೆ ಕಾಣುವ ಭೇದವು ಇನ್ನೊಂದು. ನೇಕಾರನು ಬಟ್ಟೆಯನ್ನು ನೇಯುವಾಗ ತಾನು ಬರಿಮೈಯಲ್ಲಿರಬೇಕಾಗಿಲ್ಲ. ಆದರೆ ಅಡಿಗೆಯವರು ನಮ್ಮ ಹಸಿವಿನ ಹೊತ್ತಿಗೆ ಸರಿಯಾಗಿ ದುಡಿಯಬೇಕಾಗಿರುವುದರಿಂದ, ಅದೇ ಹೊತ್ತಿಗೆ ಹುಟ್ಟುವ ತಮ್ಮ ಹಸಿವನ್ನು ತಡೆದುಕೊಳ್ಳಬೇಕಾಗುತ್ತದೆ. ಅನ್ನದ ಪರಿಮಳವನ್ನು ಎಲ್ಲರಿಗಿಂತ ಮೊದಲು ಸವಿಯುವವರು ಅನ್ನವನ್ನು ಎಲ್ಲರಿಗಿಂತ ಕೊನೆಯಲ್ಲಿ ಉಣ್ಣುತ್ತಾರೆ. ನಾವು ಕೊಡುವ ಬೆಲೆಯಲ್ಲಿ ಅಕ್ಕಿಯ ಕ್ರಯವಿದೆ, ಗ್ಯಾಸಿನ ಖರ್ಚಿದೆ, ಕಟ್ಟಡದ ಬಾಡಿಗೆಯಿದೆ, ದುಡಿದವರ ಸಂಬಳವಿದೆ. ತಡೆದುಕೊಂಡ ಹಸಿವಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ಅದು ಬೆಲೆಗೆ ಒಳಪಡದ್ದರಿಂದಲೇ ಋಣವಾಗಿ ಉಳಿಯುತ್ತದೆ. ಈಗಂತೂ ಗಲ್ಲದ ಮುಂದೆ ಅಂಟಿಸಿದ ಕಪ್ಪುಬಿಳುಪಿನ ಚೌಕಕ್ಕೆ ಮೊಬೈಲನ್ನು ಹಿಡಿದರೆ ಹಣವು ಸಂದಾಯವಾಗುತ್ತದೆ; ಮುಖವನ್ನು ನೋಡುವ ಅಗತ್ಯವೂ ತಪ್ಪಿದೆ. ಬೆಲೆಯನ್ನು ಕೊಡುವುದು ಸುಲಭವಾದಷ್ಟೂ ಋಣವನ್ನು ಮರೆಯುವುದೂ ಸುಲಭವಾಗುವಂತೆ ಕಾಣುತ್ತದೆ.

ದಾನವಾಗಿ ದೊರೆತ ಅನ್ನದ ವಿಷಯದಲ್ಲಿಯೂ ಇದೇ ಮಾತು. ಕಟ್ಟನ್ನು ಬಿಚ್ಚಿಸುವ ಹಿಂದಿನ ವಾರ ನಾವು ಬೆಳ್ತಂಗಡಿ ತಾಲೂಕಿನಲ್ಲಿಯೇ ಇರುವ ಧರ್ಮಸ್ಥಳಕ್ಕೆ ಹೋಗಿ ಅನ್ನಪೂರ್ಣಾ ಭೋಜನಶಾಲೆಯಲ್ಲಿ ಪ್ರಸಾದವನ್ನು ಸ್ವೀಕರಿಸಿದೆವು. ದಿನವೊಂದಕ್ಕೆ ಸಹಸ್ರಾರು ಯಾತ್ರಿಕರು ಅಲ್ಲಿ ಉಣ್ಣುತ್ತಾರೆ. ಯಾರನ್ನೂ ಯಾರೆಂದು ಕೇಳುವುದಿಲ್ಲ, ಬೆಲೆಯೆಂಬುದಿಲ್ಲ. ಜೈನ ಹೆಗ್ಗಡೆಯವರ ಆಡಳಿತ, ಶಿವನ ಸನ್ನಿಧಿ, ವೈಷ್ಣವರ ಪೂಜೆ ಇವು ಮೂರೂ ಕೂಡಿದ ಆ ಕ್ಷೇತ್ರದಲ್ಲಿ ಕೊಡುವವನು ದೇವರೆಂಬ ಭಾವನೆಯಿರುವುದರಿಂದ, ಉಣ್ಣುವವನು ಕೊಟ್ಟವನ ಮುಂದೆ ಕುಗ್ಗಬೇಕಾಗುವುದಿಲ್ಲ. ದಾನದಲ್ಲಿ ಸಾಮಾನ್ಯವಾಗಿರುವ ದೊಡ್ಡ ಮುಳ್ಳನ್ನು ಈ ಭಾವನೆಯು ತೆಗೆದುಹಾಕಿದೆ. ಆದರೂ ಅಲ್ಲಿಯ ದೊಡ್ಡ ಕೊಪ್ಪರಿಗೆಗಳ ಬಳಿ ನಿಂತವರೂ ಮನುಷ್ಯರೇ. ಬಕೆಟನ್ನು ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬಂದ ಯುವಕನನ್ನು ನನ್ನ ಪತ್ನಿಯು ತನ್ನ ಎಂದಿನ ಪ್ರಶ್ನೆಯನ್ನು ಕೇಳಿದಳು. ಅವನು ಬೆಚ್ಚಿದವನಂತೆ ನಿಂತು, “ಈ ಪಂಕ್ತಿ ಎದ್ದ ಮೇಲೆ ನಮ್ಮದು ಅಮ್ಮಾ” ಎಂದು ಹೇಳಿ ಮುಂದೆ ಹೋದನು. ಸಾಲಿನ ಕೊನೆಯನ್ನು ಮುಟ್ಟಿದ ಮೇಲೆ ಒಮ್ಮೆ ತಿರುಗಿ ನೋಡಿದನು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರವನ್ನು ಹೇಳಬೇಕಾಗಿದೆ. “ಇಂಥ ಸವಿಮಾತಿನಿಂದ ಯಾರ ಹೊಟ್ಟೆ ತುಂಬೀತು? ಅಡಿಗೆಯವರಿಗೆ ಬೇಕಾದುದು ನಿಮ್ಮ ಕುಶಲಪ್ರಶ್ನೆಯಲ್ಲ, ತಕ್ಕ ಸಂಬಳ” ಎಂದು ವಿಚಾರವಂತರು ಹೇಳಿಯಾರು. ಈ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಸಂಬಳದಲ್ಲಿ ಕಡಿಮೆ ಮಾಡಿದುದನ್ನು ಹೊಗಳಿಕೆಯಿಂದ ಭರ್ತಿ ಮಾಡುವುದು ಮೋಸವೇ ಸರಿ. ಬೆಲೆಯು ಬೆಲೆಯ ಸ್ಥಾನದಲ್ಲಿಯೇ ಸಲ್ಲಬೇಕು. ಋಣದ ಹೆಸರಿನಿಂದ ಬೆಲೆಯನ್ನು ಇಳಿಸಕೂಡದು. ಆದರೆ ಬೆಲೆಯನ್ನು ಸರಿಯಾಗಿ ತೆತ್ತವನಿಗೂ ಉಳಿಯುವ ಶೇಷವೊಂದುಂಟೆಂಬುದೇ ನನ್ನ ವಾದ. ಇದೇ ನ್ಯಾಯವು ಮನೆಗೂ ಅನ್ವಯಿಸುತ್ತದೆ, ಮತ್ತು ಅಲ್ಲಿ ಅದು ಇನ್ನೂ ಕಠಿನವಾಗಿದೆ. ಹೋಟೆಲಿನಲ್ಲಿ ನಾವು ಬೆಲೆಯನ್ನಾದರೂ ಕೊಡುತ್ತೇವೆ. ಮನೆಯಲ್ಲಿ, ಪ್ರೇಮವಿರುವಲ್ಲಿ ಬೆಲೆಯ ಮಾತೇಕೆಂದು ಬೆಲೆಯನ್ನು ಬಿಟ್ಟೆವು. ನಮ್ಮವರೇ ಆದುದರಿಂದ ಉಪಚಾರವೇಕೆಂದು ಮಾತನ್ನೂ ಬಿಟ್ಟೆವು. ಹೀಗೆ ಎರಡನ್ನೂ ಬಿಟ್ಟ ಮೇಲೆ ಉಳಿದುದು ಉಪ್ಪು ಕಡಿಮೆಯಾದ ದಿನದ ಮಾತು ಮಾತ್ರ. ಆದುದರಿಂದ, ಮನೆಯಾಕೆಯನ್ನು ದಿನವೂ ಹೊಗಳಿದರೆ ಸಾಕೆಂದು ನಾನು ಹೇಳುತ್ತಿಲ್ಲ. ಹೊಗಳಿದವನು ಮರುದಿನವೂ ಜಗಲಿಯಲ್ಲಿಯೇ ಕುಳಿತಿದ್ದರೆ ಆ ಹೊಗಳಿಕೆಗೆ ಏನರ್ಥ? ತಡೆದ ಹಸಿವಿನ ಋಣವು ತೀರುವುದು, ಆಗೊಮ್ಮೆ ಈಗೊಮ್ಮೆಯಾದರೂ ನಮ್ಮ ಹಸಿವನ್ನು ತಡೆದು ಅವರ ಹಸಿವನ್ನು ಮುಂದಕ್ಕೆ ಬಿಡುವುದರಿಂದ ಮಾತ್ರ. ಅನ್ನವನ್ನು ಒಬ್ಬನೇ ಉಣ್ಣುವವನು ಪಾಪವನ್ನೂ ಒಬ್ಬನೇ ಉಣ್ಣುವನೆಂದು ಋಗ್ವೇದದಲ್ಲಿ ಹೇಳಿರುವುದಕ್ಕೆ ನಾನು ಬಹುಕಾಲ ಅತಿಥಿಗಳನ್ನೂ ಭಿಕ್ಷುಕರನ್ನೂ ಕುರಿತೇ ಅರ್ಥವನ್ನು ಮಾಡುತ್ತಿದ್ದೆನು. ಮನೆಯೊಳಗೆ ದಿನವೂ ಒಬ್ಬನೇ ಉಂಡವನು ನಾನೆಂಬುದು ತೋಚಿರಲಿಲ್ಲ.

ನಮ್ಮ ಯಾತ್ರೆಯು ಒಟ್ಟು ಹನ್ನೊಂದು ಹೋಟೆಲುಗಳಿಗೆ ಮುಗಿಯಿತು. ಕೆಲವು ಚೆನ್ನಾಗಿದ್ದುವು, ಒಂದೆರಡು ಚೆನ್ನಾಗಿರಲಿಲ್ಲ. ಪತ್ರೊಡೆಯನ್ನು ಎಲ್ಲಿ ತಿನ್ನಬೇಕು, ಮೂಡೆಯು ಎಲ್ಲಿ ಬಿಸಿಯಾಗಿ ದೊರೆಯುವುದು, ಯಾವ ಪೇಟೆಯ ಗೋಳಿಬಜೆಯು ಲೇಸು ಎಂಬ ವಿಷಯಗಳಲ್ಲಿ ನಮ್ಮೊಳಗೆ ಮತಭೇದವಿರುವುದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ. ಕೈಯ ಕಟ್ಟನ್ನು ಬಿಚ್ಚಿದರು. ಎಲುಬು ಕೂಡಿದೆ, ಆದರೆ ಕಡೆಯುವ ಕಲ್ಲಿನ ಮುಂದೆ ಕೂಡದೆಂದು ವೈದ್ಯರ ಆಜ್ಞೆಯಾಗಿದೆ. ಆಕೆಯು ಮತ್ತೆ ಒಲೆಯ ಬಳಿಗೆ ಹೋದಳು. ನಾನು ಹಳೆಯ ಊಟದ ಮಣೆಗಳನ್ನು ಅಟ್ಟಕ್ಕೇರಿಸಿ, ಒಂದು ಚಿಕ್ಕ ಮೇಜನ್ನು ತರಿಸಿ, ಎದುರುಬದುರಾಗಿ ಎರಡು ಕುರ್ಚಿಗಳನ್ನು ಹಾಕಿಸಿದ್ದೇನೆ.

ಕಳೆದ ಆದಿತ್ಯವಾರ ರಾತ್ರಿ ಗಂಜಿಯನ್ನು ನಾನೇ ಮಾಡಿದೆನು. ಜೊತೆಗೆ ತೆಂಗಿನಕಾಯಿಯ ಚಟ್ನಿ. ಆಕೆಯನ್ನು ಮೊದಲು ಕೂರಿಸಿ, ಬಡಿಸಿ, ಬಾಗಿಲ ಬಳಿ ನಿಂತೆನು. ಹೊಟ್ಟೆಯು ಚುರುಗುಟ್ಟುತ್ತಿದ್ದಿತು, ಗಂಜಿಯ ಹಬೆಯು ಮೂಗಿಗೆ ಬರುತ್ತಿದ್ದಿತು. ಆಕೆಯು ಮೊದಲನೆಯ ತುತ್ತನ್ನು ನುಂಗುವುದರೊಳಗೆ ನನಗೇ ತಿಳಿಯದಂತೆ, “ಉಪ್ಪು ಸರಿ ಉಂಟೇ?” ಎಂದು ಕೇಳಿಬಿಟ್ಟೆನು.

ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ತುಸು ಕಡಿಮೆ” ಎಂದಳು. ಆಮೇಲೆ ಎದುರಿನ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿ, “ನಿಮ್ಮ ಊಟ ಆಗಲಿಲ್ಲವಲ್ಲ, ಬಟ್ಟಲು ತನ್ನಿ” ಎಂದಳು.